ಬೀಗರಿಗೊಂದು ಅರಿಶಿನದ ಟವೆಲ್

ಬಿಳಿ ಟವೆಲ್ಲಿಗೆ ಹಳದಿ ಬಣ್ಣ ಹಾಕುವುದು ಅಂಥ ಕಷ್ಟದ ಕೆಲಸವೇನಲ್ಲ. ಬಿಳಿ ಟವೆಲ್ ಬೇಕು, ಅರಿಶಿನ ಬೇಕು, ಬಿಸಿನೀರು ಬೇಕು. ಮೂವತ್ತೊಂದು ವರ್ಷ ಮಧುಗಿರಿ, ಕೊರಟಗೆರೆ ಕಡೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ನನ್ನಂಥವನಿಗೆ ಇದು ನೀರು ಕುಡಿದಷ್ಟು ಸುಲಭ ಎಂದು ತಿಳಿದಿದ್ದೆ. ಈಗಲೂ ಹಾಗೆಯೇ ತಿಳಿದಿದ್ದೇನೆ. ತೊಂದರೆ ಬಂದದ್ದು ಆ ಟವೆಲ್ಲಿನಿಂದ ಒಬ್ಬರು ತಲೆ ಒರೆಸಿಕೊಂಡಾಗ.

ಇದೆಲ್ಲ ಶುರುವಾದದ್ದು ನಮ್ಮ ಮಗಳು ಚೈತ್ರಳ ಮದುವೆಯಿಂದ. ಮದುವೆ ಮುಗಿದ ಮೂರನೆಯ ದಿನ ಕೂತು ಉಡುಗೊರೆಗಳನ್ನು ಬಿಚ್ಚಿದೆವು. ಹನ್ನೊಂದು ಗೋಡೆ ಗಡಿಯಾರ ಬಂದಿದ್ದವು. ಹನ್ನೊಂದೂ ಹನ್ನೊಂದು ಸಮಯ ತೋರಿಸುತ್ತಿದ್ದವು. ಅವುಗಳ ಮೇಲಿದ್ದ ಮಿಂಚುವ ಪ್ಲಾಸ್ಟಿಕ್ ಹಾಳೆ, ಥರ್ಮಾಕೋಲು, ಟೇಪು, ರಿಬ್ಬನ್ನು ಎಲ್ಲ ಸೇರಿ ನಡುಮನೆಯಲ್ಲಿ ಒಂದು ಗುಡ್ಡವಾಯಿತು. ಅದನ್ನು ಸಾಗಿಸಲು ಕಸದ ಗಾಡಿಯವನು ಮೂರು ಸಲ ಓಡಾಡಬೇಕಾಯಿತು. ಆ ದಿನವೇ ನಾನು ಒಂದು ತೀರ್ಮಾನ ಮಾಡಿದೆ. ಇನ್ನು ಮುಂದೆ ನಮ್ಮ ಮನೆಯಿಂದ ಹೊರಡುವ ಯಾವ ಉಡುಗೊರೆಯೂ ಭೂಮಿಗೆ ಭಾರವಾಗಕೂಡದು.

ಮಗಳನ್ನು ಕೊಟ್ಟಿದ್ದು ಪಾವಗಡಕ್ಕೆ. ಮದುವೆಯಾದ ಮೊದಲನೇ ದೀಪಾವಳಿಗೆ ಮಗಳು, ಅಳಿಯ, ಬೀಗರು, ಬೀಗಿತಿ ನಾಲ್ವರನ್ನೂ ಮನೆಗೆ ಕರೆದಿದ್ದೆವು. ನನ್ನ ಹೆಂಡತಿ ಮಂಗಳ ಸಿರಾ ತಾಲ್ಲೂಕಿನ ಮದಲೂರಿನವಳು. ಬೀಗತನದ ವಿಷಯದಲ್ಲಿ ಅವಳದು ಕಟ್ಟುನಿಟ್ಟು.

“ಅಳಿಯಂದ್ರಿಗೆ ರೇಷ್ಮೆ ಪಂಚೆ, ಬೀಗಿತಿಗೊಂದು ಸೀರೆ, ಬೀಗ್ರಿಗೆ ಪ್ಯಾಂಟು ಶರಟು. ನಾಳೆ ಪ್ಯಾಟೆಗೋಗಿ ತಂದ್ಬುಡಾನ,” ಎಂದಳು.

“ತಗೋ. ಅದರ ಜೊತೆಗೆ ನಮ್ಮ ಕೈಯಾರೆ ಮಾಡಿದ್ದು ಏನಾದ್ರೂ ಇರ್ಬೇಕು. ಪರಿಸರಕ್ಕೆ ಒಳ್ಳೇದಾಗೋ ಅಂಥದ್ದು.”

“ಕೈಯಾರೆ ಅಂದ್ರೆ ಯಾರ ಕೈ?”

“ನನ್ನ ಕೈ.”

ಅವಳು ನನ್ನ ಕೈಗಳನ್ನು ಒಮ್ಮೆ ನೋಡಿದಳು. ನಾನು ಅದನ್ನು ಒಪ್ಪಿಗೆ ಎಂದು ಭಾವಿಸಿ ಕಾರ್ಯಕ್ರಮ ಆರಂಭಿಸಿದೆ.

ಮೊದಲನೆಯದು ಹಣತೆ. ಸಗಣಿಯಿಂದ ಹಣತೆ ಮಾಡುವ ವಿಧಾನವನ್ನು ಫೋನಿನಲ್ಲಿ ಒಬ್ಬ ಹೆಣ್ಣುಮಗಳು ನಗುನಗುತ್ತ ತೋರಿಸಿಕೊಟ್ಟಿದ್ದಳು. ನಾನೂ ನಗುನಗುತ್ತಲೇ ಇಪ್ಪತ್ತನಾಲ್ಕು ಹಣತೆ ತಟ್ಟಿ, ಮಹಡಿಯ ಮೇಲೆ ನಾಲ್ಕು ದಿನ ಒಣಗಿಸಿದೆ. ಬಣ್ಣದ ಚುಕ್ಕಿ ಇಡುವ ಮೊದಲು ಒಂದನ್ನು ಪರೀಕ್ಷಿಸೋಣ ಎಂದು ಎಣ್ಣೆ ಹಾಕಿ, ಬತ್ತಿ ಇಟ್ಟು, ಜಗಲಿಯ ಮೇಲೆ ಹಚ್ಚಿದೆ. ಐದು ನಿಮಿಷ ಬತ್ತಿ ಉರಿಯಿತು. ಆಮೇಲೆ ಹಣತೆ ಉರಿಯಿತು. ಎಣ್ಣೆ ಕುಡಿದ ಸಗಣಿ ಧಗಧಗ ಎಂದು ಉರಿದು, ಪಕ್ಕದಲ್ಲಿದ್ದ ಹಗ್ಗದ ಕಾಲೊರಸಿಗೂ ಹತ್ತಿಕೊಂಡಿತು. ಮಂಗಳ ಒಂದು ಬಿಂದಿಗೆ ನೀರು ತಂದು ಸುರಿದಳು.

“ಬೆರಣಿಗೆ ಎಣ್ಣೆ ಹಾಕಿ ಕಡ್ಡಿ ಗೀರಿದ್ರೆ ಉರೀದೆ ಇನ್ನೇನಾತದೆ?” ಎಂದಳು. “ನಮ್ಮೂರಾಗೆ ಒಲೆ ಹಚ್ಚೋದೇ ಅಂಗೆ.”

ಇಪ್ಪತ್ಮೂರು ಹಣತೆಗಳೂ ಆ ವಾರ ನಮ್ಮ ಬಚ್ಚಲ ಒಲೆಗೆ ಹೋದವು. ಚೆನ್ನಾಗಿ ಉರಿದವು ಎಂದು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಎರಡನೆಯದು ಸೀಗೆಪುಡಿ. ದೀಪಾವಳಿಯ ಎಣ್ಣೆಸ್ನಾನಕ್ಕೆ ಮನೆಯಲ್ಲೇ ಮಾಡಿದ ಸೀಗೆಪುಡಿಗಿಂತ ಒಳ್ಳೆಯ ಉಡುಗೊರೆ ಯಾವುದಿದೆ? ಸೀಗೆಕಾಯಿಯನ್ನು ಮಿಲ್ಲಿಗೆ ಕೊಟ್ಟರೆ ಬೇರೆಯವರ ಖಾರದಪುಡಿ ಬೆರೆಯುತ್ತದೆಂದು ಮನೆಯ ಮಿಕ್ಸಿಗೇ ಹಾಕಿದೆ. ಮುಚ್ಚಳ ತೆಗೆದಾಗ ಎದ್ದ ಧೂಳಿಗೆ ನಾನು ಸೀನಿದೆ, ಮಂಗಳ ಸೀನಿದಳು, ಗೋಡೆಯಾಚೆ ಆಟೋ ಒರೆಸುತ್ತಿದ್ದ ಪಕ್ಕದ ಮನೆಯ ರಿಯಾಜ್ ಕೂಡ ಸೀನಿದ. ಮಿಕ್ಸಿಯ ಬ್ಲೇಡು ಕಿರ್ ಎಂದು ನಿಂತುಹೋಯಿತು. ಸಿಕ್ಕಿದ ಪುಡಿ ಪುಡಿಯಂತಿರಲಿಲ್ಲ, ರವೆಯಂತಿತ್ತು. ಅಡ್ಡಿಯಿಲ್ಲ, ತಲೆ ಚೆನ್ನಾಗಿ ಉಜ್ಜಿದಂತಾಗುತ್ತದೆ ಎಂದು ಡಬ್ಬಿಗೆ ತುಂಬಿದೆ.

ಮೂರನೆಯದೇ ಟವೆಲ್. ಆರು ಬಿಳಿ ಹತ್ತಿ ಟವೆಲ್ ತಂದೆ. ಮಂಗಳ ವರ್ಷಕ್ಕಾಗುವಷ್ಟು ಕುಟ್ಟಿಸಿಟ್ಟಿದ್ದ ಅರಿಶಿನದಲ್ಲಿ ಅರ್ಧ ಡಬ್ಬಿ ತೆಗೆದು, ಹಾಲು ಕಾಯಿಸುವ ದೊಡ್ಡ ಪಾತ್ರೆಯಲ್ಲಿ ನೀರಿಗೆ ಹಾಕಿ ಕುದಿಸಿದೆ. ಅವಳು ಆಗ ಪೇಟೆಗೆ ಹೋಗಿದ್ದಳು. ಟವೆಲ್ಲುಗಳು ಚಿನ್ನದ ಬಣ್ಣ ತಳೆದು ಹೊರಬಂದವು. ಮಹಡಿಯ ಮೇಲೆ ಹರವಿ, ಹಿಂದೆ ನಿಂತು ನೋಡಿದೆ. ಎದುರಿಗೆ ಮಧುಗಿರಿಯ ಕಪ್ಪು ಬಂಡೆ, ಮುಂದೆ ಆರು ಹಳದಿ ಟವೆಲ್. ನೋಡಲು ಎರಡು ಕಣ್ಣು ಸಾಲದೆನ್ನಿಸಿತು.

ಸಂಜೆಗೆ ಬಿಸಿಲು ಬಿದ್ದ ಮಗ್ಗುಲು ಪೂರಾ ಬಿಳಿಚಿಕೊಂಡಿತ್ತು. ಅರಿಶಿನ ಬಿಸಿಲಿಗೆ ನಿಲ್ಲುವುದಿಲ್ಲ. ಇದು ನನಗೆ ಗೊತ್ತಿರಬೇಕಿತ್ತು. ಮರುದಿನ ಉಳಿದರ್ಧ ಡಬ್ಬಿ ಅರಿಶಿನವನ್ನೂ ಸುರಿದು ಇನ್ನೊಮ್ಮೆ ಕುದಿಸಿದೆ. ಮೂರನೆಯ ದಿನ ಅಂಗಡಿಯಿಂದ ಮತ್ತೆ ಅರಿಶಿನ ತಂದು ಮತ್ತೊಮ್ಮೆ ಕುದಿಸಿ, ನೆರಳಿನಲ್ಲಿ ಒಣಗಿಸಿದೆ. ಈಗ ಟವೆಲ್ಲುಗಳು ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಹಳದಿಯಾಗಿದ್ದವು. ನನ್ನ ಕೈಗಳು ಮೊಣಕೈವರೆಗೆ, ಉಗುರಿನ ಸಂದಿಯವರೆಗೆ ಹಳದಿಯಾಗಿದ್ದವು. ಹಾಲಿನ ಪಾತ್ರೆಯ ವಿಷಯ ಬರೆಯುವುದಿಲ್ಲ.

ಅಂಗಳದಲ್ಲಿ ನನ್ನನ್ನು ನೋಡಿದ ರಿಯಾಜ್ ಆಟೋ ನಿಲ್ಲಿಸಿ ಇಳಿದು ಬಂದ.

“ಮೇಷ್ಟ್ರೇ, ಕಾಮಾಲೆ ಆಗೈತಾ? ಬುಕ್ಕಾಪಟ್ಟಣದ ಕಡೆ ಒಬ್ರು ದವಾ ಕೊಡ್ತಾರೆ. ಏಕ್‌ದಂ ವಾಸಿ. ಹತ್ತಿ, ಕರ್ಕಂಡೋಯ್ತೀನಿ.”

ಕಾಮಾಲೆಯಲ್ಲ, ಕರಕುಶಲ ಎಂದು ಅವನಿಗೆ ವಿವರಿಸಿದೆ. ಅವನು ನಂಬಿದಂತೆ ಕಾಣಲಿಲ್ಲ.

ಹಬ್ಬದ ಹಿಂದಿನ ದಿನ ಬೀಗರು ಬಂದರು. ನಂಜುಂಡಪ್ಪನವರು ಪಾವಗಡದಲ್ಲಿ ಕಬ್ಬಿಣ, ಸಿಮೆಂಟಿನ ವ್ಯಾಪಾರ ಮಾಡುವವರು. ಭಾರಿ ಆಳು, ಹಣೆ ತುಂಬ ವಿಭೂತಿ, ಮಾತಿನಲ್ಲಿ ಅರ್ಧ ತೆಲುಗು. ಎರಡು ವರ್ಷದ ಹಿಂದೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ರಕ್ತ ತೆಳುವಾಗುವ ಮಾತ್ರೆ ನುಂಗುತ್ತಾರೆ. ಗಡ್ಡ ಮಾಡಿಕೊಳ್ಳುವಾಗ ಒಂಚೂರು ಗೀರಿದರೂ ಅರ್ಧ ಗಂಟೆ ರಕ್ತ ನಿಲ್ಲುವುದಿಲ್ಲವೆಂದೂ, ಎಲ್ಲಿಯಾದರೂ ಹೆಚ್ಚು ರಕ್ತ ಕಂಡರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಬೇಕೆಂದು ಡಾಕ್ಟರು ಹೇಳಿರುವರೆಂದೂ ಬೀಗಿತಿ ರತ್ನಮ್ಮನವರು ಬಂದ ಕೂಡಲೇ ನಮಗೆ ತಿಳಿಸಿದರು. ಅಳಿಯ ವೀರೇಶ ಎಂದಿನಂತೆ ಏನನ್ನೂ ತಿಳಿಸಲಿಲ್ಲ. ಅವನು ಮಾತನಾಡುವುದು ಅಪರೂಪ. ಮದುವೆಯಾಗಿ ಆರು ತಿಂಗಳಾದರೂ ಅವನ ಧ್ವನಿ ದಪ್ಪವೋ ಸಣ್ಣದೋ ನನಗೆ ಸರಿಯಾಗಿ ನೆನಪಿರಲಿಲ್ಲ.

ಉಡುಗೊರೆ ಕೊಡುವಾಗ ನಾನು ಪುಟ್ಟ ಭಾಷಣ ಮಾಡಿದೆ. ಟವೆಲ್ ಮತ್ತು ಸೀಗೆಪುಡಿಯನ್ನು ಅಡಿಕೆ ಹಾಳೆಯ ತಟ್ಟೆಯಲ್ಲಿಟ್ಟು, ಬಾಳೆನಾರಿನಿಂದ ಕಟ್ಟಿ, ಮೇಲೆ ಒಂದು ಚೀಟಿ ಅಂಟಿಸಿದ್ದೆ. ಚೀಟಿಯಲ್ಲಿ ‘ರಾಸಾಯನಿಕ ಕ್ರಿಯೆಗಳಿಲ್ಲದ ಶುದ್ಧ ಉತ್ಪನ್ನ’ ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದಿತ್ತು.

“ಬಾಗುಂದಿ ಬೀಗ್ರೇ, ಚೆನ್ನಾಗೈತೆ,” ಎಂದು ನಂಜುಂಡಪ್ಪನವರು ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡರು. ಅವರ ಬಿಳಿ ಶರಟಿನ ಹೆಗಲು ಹಳದಿಯಾಯಿತು. ಅದನ್ನು ನಾನೊಬ್ಬನೇ ನೋಡಿದೆ. ಹಿಂಬದಿಯಾದ್ದರಿಂದ ಸುಮ್ಮನಿದ್ದೆ.

ಮರುದಿನ ಬೆಳಕು ಹರಿಯುತ್ತಿದ್ದಂತೆ ಎಣ್ಣೆಸ್ನಾನ. ಹಿರಿಯರು ಮೊದಲು ಎಂದು ನಂಜುಂಡಪ್ಪನವರ ತಲೆಗೆ ಹರಳೆಣ್ಣೆ ಇಟ್ಟು, ಮೈಗೆಲ್ಲ ಹಚ್ಚಿಸಿ, ಬಚ್ಚಲಿಗೆ ಕಳಿಸಿದೆವು. ಹಂಡೆಯ ತುಂಬ ಬಿಸಿನೀರು, ಪಕ್ಕದಲ್ಲಿ ನನ್ನ ಸೀಗೆಪುಡಿ, ಗೂಟದಲ್ಲಿ ನನ್ನ ಟವೆಲ್. ನಾನು ಹೊರಗೆ ಜಗಲಿಯಲ್ಲಿ ಕಾಫಿ ಹಿಡಿದು ಕೂತಿದ್ದೆ. ಜೀವನದಲ್ಲಿ ಕೆಲವೊಮ್ಮೆ ಎಲ್ಲವೂ ಸರಿಯಾಗಿದೆ ಎನ್ನಿಸುತ್ತದಲ್ಲ, ಅಂಥ ಕಾಫಿ ಅದು.

ಒಳಗೆ ಏನಾಯಿತೆಂದು ನಮಗೆ ಆಮೇಲೆ ತಿಳಿಯಿತು. ರವೆಯಂಥ ಸೀಗೆಪುಡಿ ಹರಳೆಣ್ಣೆಯನ್ನು ಅಲುಗಾಡಿಸಲೂ ಇಲ್ಲ. ನಂಜುಂಡಪ್ಪನವರು ಎರಡು ಸಲ ಉಜ್ಜಿದರು. ಪುಡಿ ಕಣ್ಣಿಗೆ ಹೋಯಿತು. ಕಣ್ಣು ಮುಚ್ಚಿಕೊಂಡೇ ಗೋಡೆ ತಡವಿದಾಗ ಕೈಗೆ ಬಟ್ಟೆ ಒಗೆಯುವ ಸೋಪು ಸಿಕ್ಕಿತು. ಅದನ್ನೇ ತಲೆಗೆ ತಿಕ್ಕಿದರು. ನೊರೆ ಬಂತು. ಕಣ್ಣು ಇನ್ನೂ ಉರಿಯಿತು. ನೊರೆ ತೊಳೆಯಲೂ ತಾಳ್ಮೆಯಿಲ್ಲದೆ ಟವೆಲ್ ಎಳೆದು ತಲೆ, ಮುಖ ಗಸಗಸ ಒರೆಸಿಕೊಂಡರು. ಆಮೇಲೆ ಕಣ್ಣು ಬಿಟ್ಟು ಟವೆಲ್ಲನ್ನು ನೋಡಿದರು.

“ಬೀಗ್ರೇ,” ಎಂದು ಒಳಗಿನಿಂದ ಸಣ್ಣ ಧ್ವನಿ ಕೇಳಿಸಿತು. ಅಷ್ಟು ದೊಡ್ಡ ಮನುಷ್ಯನಿಂದ ಅಷ್ಟು ಸಣ್ಣ ಧ್ವನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನೂ ವೀರೇಶನೂ ಓಡಿದೆವು. ನಂಜುಂಡಪ್ಪನವರು ಬಚ್ಚಲ ಬಾಗಿಲಲ್ಲಿ ಪಂಚೆ ಸುತ್ತಿಕೊಂಡು ನಿಂತಿದ್ದರು. ಕೈಯಲ್ಲಿದ್ದ ಟವೆಲ್ಲಿನಲ್ಲಿ ಅಂಗೈಯಗಲದ ಕೆಂಪು ಕಲೆಗಳು. ಕಿವಿಯ ಪಕ್ಕದಿಂದ ಕುತ್ತಿಗೆಗೆ ಕೆಂಪು ನೀರು ಇಳಿಯುತ್ತಿತ್ತು.

“ಅಯ್ಯೋ ದೇವುಡಾ, ನೆತ್ತುರು, ನೆತ್ತುರು!” ಎಂದು ರತ್ನಮ್ಮನವರು ಅಲ್ಲೇ ಕೂತುಬಿಟ್ಟರು. ಗಾಬರಿಯಾದರೆ ಅವರ ಮಾತು ಪೂರಾ ತೆಲುಗಿಗೆ ತಿರುಗುತ್ತದೆ. ಆಮೇಲೆ ಹೇಳಿದ್ದು ನಮಗೆ ತಿಳಿಯಲಿಲ್ಲ.

ನಾನು ಸ್ಕೌಟ್ ತರಬೇತಿ ಪಡೆದವನು. ರಕ್ತ ಸೋರುವ ಕಡೆ ಒತ್ತಿ ಹಿಡಿಯಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ಕೈಗೆ ಸಿಕ್ಕಿದ ಇನ್ನೊಂದು ಟವೆಲ್ಲನ್ನು ಮಡಿಸಿ ಅವರ ನೆತ್ತಿಯ ಮೇಲೆ ಒತ್ತಿದೆ. ಅದೂ ಕೆಂಪಾಯಿತು. ರಕ್ತ ನಿಲ್ಲುತ್ತಿಲ್ಲವೆಂದು ಖಚಿತವಾಯಿತು. ಮೂರನೆಯದನ್ನು ತಲೆಯ ಸುತ್ತ ಬಿಗಿಯಾಗಿ ಪೇಟದಂತೆ ಕಟ್ಟಿದೆ. ಅದರ ಅಂಚೂ ನೋಡನೋಡುತ್ತಿದ್ದಂತೆ ಕೆಂಪಾಗುತ್ತ ಬಂತು.

“ಮಂಗಳಾ, ರಿಯಾಜ್‌ಗೆ ಹೇಳು, ಆಟೋ ತೆಗೀಲಿ!” ಎಂದು ಕೂಗಿದೆ.

ವೀರೇಶ ಏನೋ ಹೇಳಲು ಬಾಯಿ ತೆರೆದ. “ಈಗ ಮಾತಾಡೋ ಹೊತ್ತಲ್ಲಪ್ಪ, ಹಿಡ್ಕೋ,” ಎಂದು ಅಪ್ಪನ ತೋಳನ್ನು ಅವನ ಕೈಗೆ ಕೊಟ್ಟೆ. ಅವನು ಬಾಯಿ ಮುಚ್ಚಿದ.

ಆಟೋದ ಹಿಂದಿನ ಸೀಟಿನಲ್ಲಿ ನಡುವೆ ನಂಜುಂಡಪ್ಪನವರು, ಒಂದು ಕಡೆ ನಾನು, ಒಂದು ಕಡೆ ರತ್ನಮ್ಮನವರು. ಮುಂದೆ ರಿಯಾಜನ ಪಕ್ಕದಲ್ಲಿ ಅರ್ಧ ಸೀಟಿನ ಮೇಲೆ ವೀರೇಶ. ಮಂಗಳ, ಚೈತ್ರ ಮನೆಯಲ್ಲೇ ಉಳಿದರು. ಬೀದಿಯಲ್ಲಿ ಹಬ್ಬದ ರಂಗೋಲಿ ಹಾಕುತ್ತಿದ್ದವರೆಲ್ಲ ಎದ್ದು ನಿಂತು ನಮ್ಮನ್ನು ನೋಡಿದರು.

ಅರ್ಧ ದಾರಿಯಲ್ಲಿ ನಂಜುಂಡಪ್ಪನವರು ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

“ಬೀಗ್ರೇ, ಒಂದ್ ಮಾತು ಹೇಳ್ಬೇಕು. ಮನಸ್ನಾಗೆ ಇಟ್ಕಂಡು ಹೋಗಬಾರ್ದು.”

“ನಿಮಗೇನೂ ಆಗಲ್ಲ, ಸುಮ್ನಿರಿ.”

“ಲೇದು, ಕೇಳಿ. ಮದುವೆ ಊಟ ಚೆನ್ನಾಗಿರ್ಲಿಲ್ಲ ಅಂತ ಪಾವಗಡದಾಗೆಲ್ಲ ಮಾತು ಬಂತಲ್ಲ. ಅದು ಹೇಳಿದ್ದು ನಾನೇ. ಲಾಡು ಕಲ್ಲಾಗಿತ್ತು ಅಂತ ಅಂಗಡಿಗೆ ಬಂದೋರಿಗೆಲ್ಲ ಹೇಳ್ಬುಟ್ಟೆ. ಸಾರಿನಾಗೆ ಬೇಳೆ ಇರ್ಲಿಲ್ಲ ಅಂತಾನೂ ಹೇಳ್ದೆ. ತಪ್ಪಾಯ್ತು. ಮನ್ನಿಸ್ಬುಡಿ.”

ಆರು ತಿಂಗಳಿಂದ ಆ ಮಾತು ಹಬ್ಬಿಸಿದವರು ಯಾರೆಂದು ನಾನೂ ಮಂಗಳಳೂ ತಲೆ ಕೆಡಿಸಿಕೊಂಡಿದ್ದೆವು. ನಮ್ಮ ದೊಡ್ಡಪ್ಪನ ಮಗನೇ ಇರಬೇಕೆಂದು ಅವನ ಜೊತೆ ಮಾತು ಬಿಟ್ಟಿದ್ದೆವು. ಆದರೆ ಸಾಯುವ ಮನುಷ್ಯ ಹೀಗೆ ಮನಸ್ಸು ಬಿಚ್ಚಿದಾಗ ಯಾರಿಗೆ ತಾನೇ ಸಿಟ್ಟು ಬರುತ್ತದೆ? ನಾನೂ ನನ್ನ ಮನಸ್ಸನ್ನು ಹಗುರ ಮಾಡಿಕೊಳ್ಳಬೇಕೆನ್ನಿಸಿತು.

“ನೀವೊಬ್ರೇ ಅಲ್ಲ ಬೀಗ್ರೇ, ನಾನೂ ತಪ್ಪು ಮಾಡಿದೀನಿ,” ಎಂದೆ. “ನೀವು ಹೆಣ್ಣು ನೋಡೋಕೆ ಬಂದು ಹೋದ ದಿನ, ಈ ಸಂಬಂಧ ಬೇಡ ಅಂತ ನಾನು ಹಟ ಹಿಡಿದಿದ್ದೆ. ಹುಡುಗ ಬಾಯೇ ಬಿಡಲ್ಲ, ತಲೆ ಖಾಲಿ ಇರ್ಬೇಕು ಅಂದಿದ್ದೆ. ಮಂಗಳನೇ ಬಲವಂತ ಮಾಡಿ ಒಪ್ಪಿಸಿದ್ದು.”

ಹೇಳಿ ಮುಗಿಸಿದ ಮೇಲೆ ನನಗೆ ಮುಂದಿನ ಸೀಟು ಕಾಣಿಸಿತು. ಅಲ್ಲಿ ಒಂದು ಕತ್ತು ನೆಟ್ಟಗೆ ನಿಂತಿತ್ತು. ಅದು ಹಿಂದಕ್ಕೆ ತಿರುಗಲಿಲ್ಲ. ರಿಯಾಜ್ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ಗೇರು ಬದಲಿಸಿದ.

ಆಸ್ಪತ್ರೆಯಲ್ಲಿ ಹಬ್ಬದ ದಿನದ ಡ್ಯೂಟಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ಒಬ್ಬ ನರ್ಸು ಇದ್ದರು. ನಂಜುಂಡಪ್ಪನವರನ್ನು ಮಲಗಿಸಿದರು. ಮಾತ್ರೆಯ ಹೆಸರು ಕೇಳಿ ಡಾಕ್ಟರ ಮುಖ ಗಂಭೀರವಾಯಿತು. ಟವೆಲ್ ಬಿಚ್ಚಿ, ಕೂದಲು ಸರಿಸಿ ಸರಿಸಿ ನೋಡಿದರು. ಗಾಯವಿಲ್ಲ. ಕಿವಿ ನೋಡಿದರು, ಮೂಗು ನೋಡಿದರು, ಬಾಯಿ ತೆರೆಸಿ ನೋಡಿದರು. ಎಲ್ಲೂ ಏನೂ ಇಲ್ಲ. ಬಿ.ಪಿ. ಮಾತ್ರ ಏರಿತ್ತು.

“ಬಿದ್ರಾ?” ಎಂದು ಕೇಳಿದರು.

“ಇಲ್ಲ.”

“ಗಾಯನೇ ಇಲ್ದೆ ಇಷ್ಟು ರಕ್ತ ಎಲ್ಲಿಂದ ಬಂತು ಅಂತ ಗೊತ್ತಾಗ್ತಿಲ್ಲ. ರಿಸ್ಕ್ ತಗೋಳ್ಳೋದು ಬೇಡ. ತುಮಕೂರಿಗೆ ಕಳಿಸ್ತೀನಿ, ತಲೆ ಸ್ಕ್ಯಾನ್ ಆಗ್ಲಿ. ಆ್ಯಂಬುಲೆನ್ಸ್‌ಗೆ ಹೇಳ್ತೀನಿ,” ಎಂದು ಚೀಟಿ ಬರೆಯತೊಡಗಿದರು. ರತ್ನಮ್ಮನವರು ಗಂಡನ ಪಾದ ಹಿಡಿದು ಅಳತೊಡಗಿದರು.

ಆ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಮಂಗಳ. ಹೊರಗೆ ಕಾರಿಡಾರಿಗೆ ಬಂದೆ.

“ಹೆಂಗವ್ರೆ ಬೀಗ್ರು?”

“ತುಮಕೂರಿಗೆ ಕರ್ಕಂಡೋಗ್ಬೇಕಂತೆ. ಸ್ಕ್ಯಾನು.”

“ಏನೂ ಬ್ಯಾಡ. ನಾನು ಆ ಟವೆಲ್ನ ಸೋಪಿನ ನೀರಿಗೆ ನೆನೆ ಹಾಕ್ದೆ. ಒಂದ್ ಬಕೀಟು ನೀರೂ ಕೆಂಪಾಯ್ತು. ಅಷ್ಟು ರಕ್ತ ಹೋಗಿದ್ರೆ ಆಯಪ್ಪ ಬಾಗ್ಲಲ್ಲಿ ನಿಂತಿರ್ತಿದ್ರಾ? ಆಮೇಲೆ ಯಾರೂ ಮುಟ್ದೇ ಇರೋ ಹೊಸ ಟವೆಲ್ ತಗಂಡು ಬ್ಯಾರೆ ಸೋಪಿನ ನೀರಿಗೆ ಒಂದ್ ಮೂಲೆ ಅದ್ದಿ ನೋಡ್ದೆ. ಅದೂ ಕೆಂಪಾಯ್ತು.” ಬಿಡಿಸಿ ಹೇಳಿದಳು: “ಆರತಿ ತಟ್ಟೆಗೆ ಅರಿಶಿನದ ನೀರು ಮಾಡಿ ಸುಣ್ಣ ಹಾಕಿದ್ರೆ ಕೆಂಪಾಗಲ್ವೇನ್ರೀ? ಇದೂ ಅದೇಯ. ಸುಣ್ಣದ ಬದ್ಲು ಸೋಪು.”

ನಾನು ಗೋಡೆಗೆ ಒರಗಿದೆ.

ಅರಿಶಿನ ಒಂದು ಸೂಚಕ. ಪ್ರತ್ಯಾಮ್ಲ ತಗುಲಿದರೆ ಕೆಂಪಾಗುತ್ತದೆ. ಸೋಪು ಪ್ರತ್ಯಾಮ್ಲ. ಹತ್ತನೇ ತರಗತಿಯ ಪಾಠ. ಅರಿಶಿನದ ಕಾಗದ ಮಾಡಿ, ಸೋಪಿನ ನೀರಿಗೆ ಅದ್ದಿ, ಮೇಲೆತ್ತಿ ಹಿಡಿದು, ‘ಏನು ಕಾಣಿಸಿತು?’ ಎಂದು ಮೂವತ್ತೊಂದು ವರ್ಷ ಮಕ್ಕಳನ್ನು ಕೇಳಿದ್ದೇನೆ. ಉತ್ತರ ಹೇಳದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.

ಇಲ್ಲೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ನಾನು ಕೂಡಲೇ ಒಳಗೆ ಹೋಗಲಿಲ್ಲ. ಕಾರಿಡಾರಿನಲ್ಲಿ ನಿಂತು ಎರಡು ನಿಮಿಷ ಯೋಚಿಸಿದೆ. ತುಮಕೂರಿಗೆ ಹೋದರೆ ಏನಾಗುತ್ತದೆ? ಸ್ಕ್ಯಾನ್ ಮಾಡುತ್ತಾರೆ, ಏನೂ ಇಲ್ಲವೆನ್ನುತ್ತಾರೆ, ದೇವರ ದಯೆ ಎಂದು ಎಲ್ಲರೂ ಕೈ ಮುಗಿಯುತ್ತಾರೆ. ಟವೆಲ್ಲಿನ ಸುದ್ದಿ ಯಾರಿಗೂ ಬೇಕಾಗುವುದಿಲ್ಲ. ನನ್ನ ಮರ್ಯಾದೆ ಉಳಿಯುತ್ತದೆ. ಬಾಗಿಲ ಸಂದಿಯಲ್ಲಿ ನೋಡಿದೆ. ನಂಜುಂಡಪ್ಪನವರು ಮೇಲಿನ ಫ್ಯಾನನ್ನೇ ನೋಡುತ್ತ, ಬೆರಳೆಣಿಸುತ್ತ, ಓಂ ನಮಃ ಶಿವಾಯ ಎನ್ನುತ್ತಿದ್ದರು. ಅವರ ಕಣ್ಣಂಚಿನಲ್ಲಿ ನೀರಿತ್ತು. ರತ್ನಮ್ಮನವರು ಇನ್ನೂ ಪಾದ ಬಿಟ್ಟಿರಲಿಲ್ಲ.

ನಾನು ಒಳಗೆ ಹೋದೆ.

“ಡಾಕ್ಟರೇ, ಅದು ರಕ್ತ ಅಲ್ಲ. ಟವೆಲ್ಲಿನ ಅರಿಶಿನ. ಸೋಪಿಗೆ ಕೆಂಪಾಗಿದೆ.”

ಎಲ್ಲರೂ ನನ್ನನ್ನು ನೋಡಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. ನರ್ಸಮ್ಮ ಮೂರನೆಯ ಟವೆಲ್ಲಿನ ಹಳದಿ ಉಳಿದಿದ್ದ ಮೂಲೆಯನ್ನು ಹಿಡಿದುಕೊಂಡು ಕೈ ತೊಳೆಯುವ ಕಡೆ ಹೋದಳು. ಅಲ್ಲಿದ್ದ ಸೋಪಿನ ಚೂರನ್ನು ಒದ್ದೆ ಮಾಡಿ ಉಜ್ಜಿದಳು. ಟವೆಲ್ ನಮ್ಮೆಲ್ಲರ ಕಣ್ಣೆದುರಿಗೇ ಕೆಂಪಾಯಿತು. ಅವಳು ಅದನ್ನು ಮೇಲೆತ್ತಿ ಹಿಡಿದಳು. ನಾನು ಹಿಡಿಯುತ್ತಿದ್ದ ಹಾಗೆಯೇ.

“ಈ ಟವೆಲ್ ಯಾರು ಕೊಟ್ಟಿದ್ದು?” ಎಂದು ಡಾಕ್ಟರು ಕೇಳಿದರು.

“ನಾನೇ. ಮನೇಲಿ ಮಾಡಿದ್ದು.”

“ತಾವು ಏನ್ ಕೆಲ್ಸ ಮಾಡ್ತಿದ್ರಿ?”

ಜೀವನದಲ್ಲಿ ಮೊದಲನೇ ಸಲ ನಾನು ಸುಳ್ಳು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ರಿಯಾಜ್ ಅಭಿಮಾನದಿಂದ, “ಸೈನ್ಸ್ ಮೇಷ್ಟ್ರು ಸಾರ್. ನಮ್ ತಾಲ್ಲೂಕಿಗೇ ಫೇಮಸ್ಸು,” ಎಂದ.

ಡಾಕ್ಟರು ನಗಲಿಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಚೀಟಿಯಲ್ಲಿ ಬರೆದಿದ್ದನ್ನು ಹೊಡೆದುಹಾಕಿ, ಕೆಳಗೆ ‘ಗಾಯವಿಲ್ಲ, ಬಟ್ಟೆಯ ಬಣ್ಣ’ ಎಂದು ಬರೆದು ಕೊಟ್ಟರು. ಅರ್ಧ ಗಂಟೆ ಮಲಗಿಸಿ, ಬಿ.ಪಿ. ಇಳಿದ ಮೇಲೆ ಕಳಿಸಿದರು.

ಅದೇ ಆಟೋದಲ್ಲಿ ಮನೆಗೆ ಮರಳಿದೆವು. ರಕ್ತವೇನೋ ಸುಳ್ಳಾಯಿತು. ಆದರೆ ಹೋಗುವಾಗ ಇದೇ ಸೀಟಿನಲ್ಲಿ ಆಡಿದ ಮಾತುಗಳು ಸುಳ್ಳಾಗುವ ಹಾಗಿರಲಿಲ್ಲ. ನಂಜುಂಡಪ್ಪನವರು ಎಡಗಡೆ ನೋಡುತ್ತಿದ್ದರು, ನಾನು ಬಲಗಡೆ. ಲಾಡು ನಮ್ಮಿಬ್ಬರ ನಡುವೆ ಕೂತಿತ್ತು.

ಮಧ್ಯಾಹ್ನ ಹಬ್ಬದೂಟ. ಮಂಗಳ ಕಜ್ಜಾಯ ಕರಿದಿದ್ದಳು. ಬಡಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಎದುರಿಗೆ ಕೂತರೆ ಮುಖ ನೋಡಬೇಕಾಗುತ್ತದೆ, ನಿಂತಿದ್ದರೆ ಆ ಕಷ್ಟವಿಲ್ಲ. ಬೀಗರ ಎಲೆಗೆ ಕಜ್ಜಾಯ ಇಟ್ಟೆ. ಅವರು ಮುರಿದು ಬಾಯಿಗಿಟ್ಟು, ಬಹಳ ಎಚ್ಚರಿಕೆಯಿಂದ, “ಮೆತ್ತಗೈತೆ,” ಎಂದರು. ಮಂಗಳ ನನ್ನ ಕಡೆ ನೋಡಿದಳು. ಅವಳಿಗೆ ಲಾಡಿನ ಕತೆ ಇನ್ನೂ ಹೇಳಿರಲಿಲ್ಲ.

ವೀರೇಶನ ಮುಂದೆ ಬಂದಾಗ ಅವನು ತಲೆ ಎತ್ತಿದ.

“ಮಾವ, ಒಂದ್ ಮಾತು.”

ಎಲ್ಲರ ಕೈ ಎಲೆಯ ಮೇಲೆ ನಿಂತಿತು. ಚೈತ್ರ ಗಂಡನನ್ನು ನೋಡಿದಳು. ನಾನು ಕಜ್ಜಾಯದ ತಟ್ಟೆಯನ್ನು ಎದೆಗೆ ಒತ್ತಿಕೊಂಡೆ.

“ಟವೆಲ್ ಕೆಂಪಾಗಿದ್ದು ನೋಡಿದ ತಕ್ಷಣ ನಂಗೆ ಅನುಮಾನ ಬಂತು. ಅರಿಶಿನ, ಸೋಪು. ಹೈಸ್ಕೂಲಾಗೆ ನಮಗೂ ಮಾಡಿ ತೋರ್ಸಿದ್ರು.”

“ಅಲ್ಲಪ್ಪ, ಮತ್ತೆ ಆಗ್ಲೇ ಹೇಳಬಾರ್ದಾಗಿತ್ತಾ?”

“ಬಚ್ಚಲ ತಾವ ಹೇಳಾನ ಅಂತ ಬಾಯಿ ತೆರೆದೆ. ಮಾತಾಡೋ ಹೊತ್ತಲ್ಲ ಅಂದ್ರಿ. ನೀವು ಮೇಷ್ಟ್ರು, ನಿಮಗೆ ತಿಳೀದೇ ಇರುತ್ತಾ, ರಕ್ತನೇ ಇರ್ಬೇಕು ಅನ್ಕಂಡೆ. ಆಟೋದಾಗೆ ಮತ್ತೆ ಯೋಚ್ನೆ ಮಾಡ್ದೆ. ಇಲ್ಲ, ಹೇಳೇ ಬುಡಾನ ಅಂತ ಹಿಂದಕ್ಕೆ ತಿರುಗ್ಬೇಕು, ಅಷ್ಟರಾಗೆ ನೀವು ನನ್ ತಲೆ ಖಾಲಿ ಐತೆ ಅಂದ್ರಿ.”

ಅವನು ಒಂದು ತುತ್ತು ನುಂಗಿದ.

“ಅದಕ್ಕೆ ಸುಮ್ನಾದೆ.”

ಅಳಿಯನ ಧ್ವನಿ ದಪ್ಪವೆಂದು ಆಗ ನನಗೆ ಖಚಿತವಾಯಿತು.

ಮೊದಲು ನಕ್ಕವರು ನಂಜುಂಡಪ್ಪನವರು. ಆ ದೊಡ್ಡ ಮೈ ಅಲುಗಾಡುವಂತೆ, ಅನ್ನ ನೆತ್ತಿಗೇರುವಂತೆ ನಕ್ಕರು. “ಸಾಕು ಬುಡ್ಲಾ, ಚಾಲು, ನಗಿಸಿ ನಗಿಸಿ ನಿಜವಾಗ್ಲೂ ನೆತ್ತುರು ಬಂದಾತು,” ಎಂದು ಮಗನ ಬೆನ್ನಿಗೆ ಎಡಗೈಯಲ್ಲಿ ಗುದ್ದಿದರು. ರತ್ನಮ್ಮನವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಚೈತ್ರ ನಕ್ಕಳು. ಮಂಗಳ ಮಾತ್ರ ನಗದೆ, “ಖಾಲಿ ಅಂದಿದ್ದು ಯಾಕೆ? ಆಟೋದಾಗೆ ಇನ್ನೇನೇನು ಮಾತಾಡಿದ್ರಿ?” ಎಂದು ಕೇಳಿದಳು. ನಾನೂ ಬೀಗರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ನಮ್ಮ ನಡುವೆ ಮೊದಲ ಬಾರಿಗೆ ಒಂದು ಒಪ್ಪಂದವಾಯಿತು. ಇಬ್ಬರೂ ಸಾರು ಚೆನ್ನಾಗಿದೆ ಎಂದೆವು.

ಎರಡು ದಿನ ಇದ್ದು ಅವರು ಹೊರಟರು. ಮಂಗಳ ಕುಂಕುಮ ಇಟ್ಟು, ಸೀರೆ, ಪಂಚೆ, ಎಲೆಅಡಿಕೆ ಕೊಟ್ಟಳು. ನಾನು ಏನನ್ನೂ ಕೊಡಲಿಲ್ಲ. ಕಾರಿನ ಬಾಗಿಲ ಹತ್ತಿರ ನಂಜುಂಡಪ್ಪನವರು ನನ್ನ ಎರಡೂ ಕೈ ಹಿಡಿದುಕೊಂಡರು. ಅವು ಇನ್ನೂ ಅಷ್ಟಿಷ್ಟು ಹಳದಿಯಾಗಿದ್ದವು.

“ಬೀಗ್ರೇ, ಸಂಕ್ರಾಂತಿಗೆ ನೀವಿಬ್ರೂ ಪಾವಗಡಕ್ಕೆ ಬರಲೇಬೇಕು.”

“ಬರ್ತೀವಿ, ಬರ್ತೀವಿ.”

“ಬಂದು ನಾಕು ದಿನ ಇರ್ಬೇಕು.”

“ಆಗಲಿ.”

ಅವರು ನನ್ನ ಕೈ ಬಿಡಲಿಲ್ಲ. ಇನ್ನಷ್ಟು ಹತ್ತಿರ ಬಂದು, ಧ್ವನಿ ತಗ್ಗಿಸಿ, ಬೇಡಿಕೊಳ್ಳುವವರಂತೆ ಹೇಳಿದರು: “ಬರೀ ಕೈಯಾಗೆ ಬನ್ನಿ.”

“ಅದೆಂಗೆ ಸಾಧ್ಯ ಬೀಗ್ರೇ? ಮಗಳ ಮನೆಗೆ ಬರೀ ಕೈಲಿ ಬರೋದುಂಟೆ?”

“ಬರೀ ಕೈಯಾಗೇ ಬನ್ನಿ ಅಣ್ಣಾವ್ರೇ,” ಎಂದು ಕಾರಿನೊಳಗಿನಿಂದ ರತ್ನಮ್ಮನವರು ಹೇಳಿದರು. “ಅಪ್ಪ, ಏನೂ ತರಬೇಡ,” ಎಂದಳು ಚೈತ್ರ. ಚಾಲಕನ ಸೀಟಿನಲ್ಲಿದ್ದ ವೀರೇಶ ಕಿಟಕಿ ಇಳಿಸಿ ನನ್ನನ್ನೇ ನೋಡಿದ. ತಲೆಯನ್ನು ಮಾತ್ರ ಹೌದೆನ್ನುವಂತೆ ಆಡಿಸಿದ.

“ಆಯ್ತು ಅನ್ರೀ,” ಎಂದು ಮಂಗಳ ನನ್ನ ಬೆನ್ನ ಹಿಂದಿನಿಂದ ತಿವಿದಳು.

“ಆಯ್ತು,” ಎಂದೆ.

ಮಗಳನ್ನು ಕೊಟ್ಟವರು ಬೀಗರ ಮನೆಗೆ ಏನು ಹೊತ್ತುಕೊಂಡು ಹೋಗುವುದೆಂದು ಹಬ್ಬ ಬಂದಾಗಲೆಲ್ಲ ಚಿಂತಿಸುತ್ತಾರೆ. ಎಷ್ಟು ಒಯ್ದರೂ ಕಡಿಮೆಯಾಯಿತೆನ್ನಿಸಿಕೊಂಡು ಬರುತ್ತಾರೆ. ಪಾವಗಡದಿಂದ ಕೊರಟಗೆರೆಯವರೆಗೆ ಹುಡುಕಿದರೂ, ಕೈಯಲ್ಲಿ ಏನೂ ಇಲ್ಲದೆ ಬರಬೇಕೆಂದು ಮನೆಮಂದಿಯೆಲ್ಲ ಸೇರಿ ಮಾತು ತೆಗೆದುಕೊಂಡ ಹೆಣ್ಣಿನ ತಂದೆ ನಾನೊಬ್ಬನೇ ಇರಬೇಕು.